ವೋಲ್ಟೇಜ್ ನಿಯಂತ್ರಕದ ಪ್ರವಾಹಮಿತಿ: ಅನಿರೀಕ್ಷಿತ ವರ್ತನೆ ಮತ್ತು ದೋಷಶೋಧನೆಯ ಕ್ರಮ

ಪೀಠಿಕೆ

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಉಪಕರಣ ಯಾವುದೆಂದು ಕೇಳಿದರೆ, ಮೇಜಿನ ಮೂಲೆಯಲ್ಲಿರುವ ಪವರ್ ಸಪ್ಲೈ ಪೆಟ್ಟಿಗೆ ಎಂದೇ ಉತ್ತರಿಸಬೇಕಾಗುತ್ತದೆ. ಸೂಕ್ಷ್ಮದರ್ಶಕಕ್ಕೆ ಸಲ್ಲುವ ಗೌರವ ಇದಕ್ಕೆ ಸಲ್ಲುವುದಿಲ್ಲ. ಆದರೆ ಓಮನ ನಿಯಮದಿಂದ ಹಿಡಿದು ಟ್ರಾನ್ಸಿಸ್ಟರಿನ ಗುಣರೇಖೆಗಳವರೆಗೆ ಒಂದು ಪ್ರಯೋಗವೂ ಇದರ ನೆರವಿಲ್ಲದೆ ಸಾಗದು. ಗೋಡೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ತೆಗೆದುಕೊಂಡು, ಅದನ್ನು ಇಳಿಸಿ, ಏಕಮುಖವಾಗಿಸಿ, ಏರಿಳಿತಗಳನ್ನು ತೊಡೆದು, 5 ಅಥವಾ 12 ವೋಲ್ಟಿನ ಸ್ಥಿರ ವಿಭವವನ್ನು ಒದಗಿಸುವುದು ಇದರ ಕಾರ್ಯ. ಈ ಸ್ಥಿರತೆಯನ್ನು ಕಾಯುವ ಭಾಗವೇ ವೋಲ್ಟೇಜ್ ನಿಯಂತ್ರಕ.

ನಿಯಂತ್ರಕಕ್ಕೆ ಮತ್ತೊಂದು ಹೊಣೆಯೂ ಉಂಟು. ವಿದ್ಯಾರ್ಥಿಯ ಕೈತಪ್ಪಿನಿಂದ ಎರಡು ತಂತಿಗಳು ಒಂದಕ್ಕೊಂದು ತಗುಲಿದಾಗ ಪ್ರವಾಹವು ಮಿತಿಮೀರಿ ಹರಿದು ಉಪಕರಣ ಸುಟ್ಟುಹೋಗದಂತೆ ಅದು ತಡೆಯಬೇಕು. ಇದಕ್ಕೆ ಪ್ರವಾಹಮಿತಿ ಎಂದು ಹೆಸರು. ಈ ಮಿತಿಯು ಕೆಲವೊಮ್ಮೆ ನಿರೀಕ್ಷಿಸಿದಂತೆ ವರ್ತಿಸುವುದಿಲ್ಲ. ಪೆಟ್ಟಿಗೆಯ ಮೇಲೆ 1 ಆಂಪಿಯರ್ ಎಂದು ಬರೆದಿರುತ್ತದೆ, 0.8 ಆಂಪಿಯರ್ ತಲುಪುವಷ್ಟರಲ್ಲಿ ವೋಲ್ಟೇಜು ಕುಸಿಯತೊಡಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಪೆಟ್ಟಿಗೆ ಮಧ್ಯಾಹ್ನ ಸೋಲುತ್ತದೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಮೂರು ಕ್ರಮಗಳಲ್ಲಿ ಒಂದನ್ನು ಅನುಸರಿಸುವುದು ರೂಢಿ: ಐಸಿಯನ್ನು ಬದಲಾಯಿಸುವುದು, ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸುವುದು, ಇಲ್ಲವೆ ಮಿತಿಯನ್ನು ಏರ್ಪಡಿಸುವ ರೋಧಕದ ಮೇಲೆ ಒಂದು ತಂತಿಯನ್ನು ಬೆಸೆದು ಮಿತಿಯನ್ನೇ ಇಲ್ಲವಾಗಿಸುವುದು. ಮೊದಲನೆಯದು ಬಹುಮಟ್ಟಿಗೆ ವ್ಯರ್ಥ ಖರ್ಚು, ಎರಡನೆಯದು ದಾನಿಗಳ ದ್ರವ್ಯಕ್ಕೆ ಅಪಚಾರ, ಮೂರನೆಯದು ಅಪಾಯ.

ಪ್ರವಾಹಮಿತಿ ಎಂಬುದು ಪೆಟ್ಟಿಗೆಯ ಮೇಲೆ ಕೊರೆದ ಅಂಕಿಯಲ್ಲ, ಎರಡು ಭೌತಿಕ ರಾಶಿಗಳ ನಡುವಣ ತೂಕ ಎಂಬುದನ್ನು ತೋರಿಸಿ, ಆ ತೂಕವನ್ನು ಕೆಡಿಸುವ ಕಾರಣಗಳನ್ನು ಅಳತೆಯ ಮೂಲಕವೇ ಕಂಡುಹಿಡಿಯುವ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಿತಿ ಏರ್ಪಡುವ ಬಗೆ

ಉದಾಹರಣೆಗಾಗಿ ಶಾಲೆ ಕಾಲೇಜುಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ, ಇಂದಿಗೂ ಅಂಗಡಿಗಳಲ್ಲಿ ದೊರೆಯುವ 723 ಎಂಬ ನಿಯಂತ್ರಕ ಐಸಿಯನ್ನು ತೆಗೆದುಕೊಳ್ಳೋಣ. ಇದು ತಾನಾಗಿ ಕೊಡಬಲ್ಲ ಪ್ರವಾಹ 150 ಮಿಲಿಆಂಪಿಯರ್ ಮಾತ್ರ. ಹೆಚ್ಚಿನ ಪ್ರವಾಹ ಬೇಕಾದಾಗ ಹೊರಗೆ 2ಎನ್3055 ನಂಥ ದೊಡ್ಡ ಟ್ರಾನ್ಸಿಸ್ಟರೊಂದನ್ನು ಜೋಡಿಸುತ್ತಾರೆ. ಇದನ್ನು ಮುಖ್ಯ ಟ್ರಾನ್ಸಿಸ್ಟರ್ ಎಂದು ಕರೆಯೋಣ. ಹೊರೆಗೆ ಹರಿಯುವ ಪ್ರವಾಹವೆಲ್ಲ ಇದರ ಮೂಲಕ ಸಾಗಿ, ಮುಂದೆ ಒಂದು ಓಮಿಗಿಂತಲೂ ಕಡಿಮೆ ಬೆಲೆಯ ರೋಧಕವೊಂದನ್ನು ದಾಟಿ ಹೊರಬರುತ್ತದೆ. ಇದೇ ಸಂವೇದನ ರೋಧಕ.

ಐಸಿಯ ಒಳಗೆ ಒಂದು ಚಿಕ್ಕ ಕಾವಲು ಟ್ರಾನ್ಸಿಸ್ಟರ್ ಇದೆ. ಅದರ ಬೇಸ್ ಮತ್ತು ಎಮಿಟರ್ ತುದಿಗಳು ಸಂವೇದನ ರೋಧಕದ ಎರಡು ಕೊನೆಗಳಿಗೆ ಸೇರಿರುತ್ತವೆ. ಪ್ರವಾಹ ಹೆಚ್ಚಿದಂತೆ ರೋಧಕದ ಮೇಲಿನ ವಿಭವಾಂತರವೂ ಹೆಚ್ಚುತ್ತದೆ. ಅದು ಸುಮಾರು 0.65 ವೋಲ್ಟ್ ಮುಟ್ಟಿದೊಡನೆ ಕಾವಲು ಟ್ರಾನ್ಸಿಸ್ಟರ್ ಎಚ್ಚೆತ್ತು, ಮುಖ್ಯ ಟ್ರಾನ್ಸಿಸ್ಟರಿಗೆ ಹೋಗುವ ಚಾಲನ ಪ್ರವಾಹವನ್ನು ತಾನೇ ಸೆಳೆದುಕೊಂಡುಬಿಡುತ್ತದೆ. ಅಲ್ಲಿಂದ ಮುಂದೆ ಪ್ರವಾಹ ಏರದು, ವೋಲ್ಟೇಜು ಇಳಿಯುತ್ತದೆ. ಆದುದರಿಂದ ಮಿತಿಯ ಸೂತ್ರ ಇಷ್ಟೇ: 0.65 ವೋಲ್ಟನ್ನು ಸಂವೇದನ ರೋಧಕದ ಬೆಲೆಯಿಂದ ಭಾಗಿಸಿದರೆ ಮಿತಿ ಪ್ರವಾಹ ದೊರೆಯುತ್ತದೆ. ರೋಧಕ 0.56 ಓಮ್ ಆಗಿದ್ದರೆ ಮಿತಿ 1.16 ಆಂಪಿಯರ್. 1 ಆಂಪಿಯರಿನ ಪೆಟ್ಟಿಗೆಗೆ ಇದು ತಕ್ಕುದೆಂದು ಕಾಗದದ ಮೇಲೆ ತೋರುತ್ತದೆ.

ಭಾಗಲಬ್ಧದ ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ಸ್ಥಿರವಲ್ಲ ಎಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. 0.65 ವೋಲ್ಟ್ ಎಂಬುದು ಸಿಲಿಕಾನ್ ಸಂಧಿಯ ಗುಣ. ಅದು ಉಷ್ಣತೆಯನ್ನು ಅವಲಂಬಿಸಿದೆ. ರೋಧಕವೆಂಬುದು ಅಂಗಡಿಯಿಂದ ತಂದ ಬಿಳಿಯ ಸಿಮೆಂಟ್ ತುಂಡಷ್ಟೇ ಅಲ್ಲ. ಕಾವಲು ಟ್ರಾನ್ಸಿಸ್ಟರಿನ ಎರಡು ತುದಿಗಳ ನಡುವೆ ಮುಖ್ಯ ಪ್ರವಾಹ ದಾಟುವ ತಂತಿ, ಬೆಸುಗೆ, ತಿರುಪು ಎಲ್ಲವೂ ಅದರಲ್ಲಿ ಸೇರಿವೆ.

ಬಿಸಿಲು ಮತ್ತು ಮಿತಿ

ಐಸಿಯ ಮಾಹಿತಿ ಪತ್ರಗಳಲ್ಲಿ ಕೊಡುವ ಅಂಕಿಗಳು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸಿಗೆ ಅನ್ವಯಿಸುವಂಥವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಹಲಕುಂದಿಗಳ ಬೇಸಿಗೆ ಎಂಥದೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ದಿನಗಳು ಇಲ್ಲಿ ಅಪರೂಪವಲ್ಲ. ಕೋಣೆಯ ಉಷ್ಣತೆ 40 ಇದ್ದಾಗ, ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್ ಸಿಂಕ್ ಎರಡನ್ನೂ ಒಳಗಿಟ್ಟುಕೊಂಡ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸುಲಭವಾಗಿ 55 ಡಿಗ್ರಿ ಮುಟ್ಟುತ್ತದೆ. ಇನ್ನು ಐಸಿಯೂ ತನ್ನದೇ ಆದ ಉಷ್ಣವನ್ನು ಹೊಮ್ಮಿಸುತ್ತದೆ. ಮುಖ್ಯ ಟ್ರಾನ್ಸಿಸ್ಟರನ್ನು ನಡೆಸಲು 20 ಮಿಲಿಆಂಪಿಯರ್ ಕೊಡುತ್ತಿದ್ದರೆ, ತನ್ನ ಸ್ವಂತ ವ್ಯಯವೂ ಸೇರಿ ಅದರೊಳಗೆ ಸುಮಾರು 0.15 ವಾಟ್ ಉಷ್ಣವಾಗುತ್ತದೆ. ಪ್ಲಾಸ್ಟಿಕ್ ಕವಚದ ಐಸಿಯಲ್ಲಿ ಇಷ್ಟರಿಂದಲೇ ಒಳಗಿನ ಸಿಲಿಕಾನ್ ತುಣುಕು ಸುತ್ತಲಿನ ಗಾಳಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಒಟ್ಟಿನಲ್ಲಿ ಕಾವಲು ಟ್ರಾನ್ಸಿಸ್ಟರ್ ಇರುವುದು 75 ಡಿಗ್ರಿಯಲ್ಲಿ.

ಸಿಲಿಕಾನ್ ಸಂಧಿಯ ವೋಲ್ಟೇಜು ಪ್ರತಿ ಡಿಗ್ರಿ ಏರಿಕೆಗೆ ಸುಮಾರು 2 ಮಿಲಿವೋಲ್ಟ್‌ನಷ್ಟು ಇಳಿಯುತ್ತದೆ. 25ರಿಂದ 75ಕ್ಕೆ 50 ಡಿಗ್ರಿ ಏರಿದರೆ ಇಳಿಕೆ 100 ಮಿಲಿವೋಲ್ಟ್. ಎಂದರೆ ಕಾವಲು ಟ್ರಾನ್ಸಿಸ್ಟರ್ ಈಗ 0.65ಕ್ಕೆ ಬದಲು 0.55 ವೋಲ್ಟಿನಲ್ಲೇ ಎಚ್ಚರಗೊಳ್ಳುತ್ತದೆ. ಮಿತಿ ಪ್ರವಾಹ 0.55 ಭಾಗಿಸು 0.56, ಅರ್ಥಾತ್ 0.98 ಆಂಪಿಯರ್. ಡಿಸೆಂಬರಿನಲ್ಲಿ 1 ಆಂಪಿಯರನ್ನು ನಿರಾತಂಕವಾಗಿ ಕೊಟ್ಟ ಪೆಟ್ಟಿಗೆ ಬೇಸಿಗೆಯಲ್ಲಿ ಅದೇ 1 ಆಂಪಿಯರಿಗೆ ಸೋಲುತ್ತದೆ. ಇಲ್ಲಿ ಯಾವ ಬಿಡಿಭಾಗವೂ ಕೆಟ್ಟಿಲ್ಲ. ಹೊಸ ಐಸಿಯನ್ನು ಹಾಕಿದರೆ, ಅದು ತಣ್ಣಗಿರುವ ಮೊದಲ ಕೆಲವು ನಿಮಿಷ ಸರಿಯಾಗಿ ನಡೆದು, ಮತ್ತೆ ಹಿಂದಿನಂತೆಯೇ ಆಗುತ್ತದೆ. ಆ ಕೆಲವು ನಿಮಿಷಗಳ ಯಶಸ್ಸೇ ದುರಸ್ತಿ ಮಾಡುವವರನ್ನು ದಾರಿ ತಪ್ಪಿಸುತ್ತದೆ.

ಇದಕ್ಕೆ ಪರಿಹಾರ ವಿನ್ಯಾಸದಲ್ಲಿಯೇ ಇದೆ. ಮಿತಿಯನ್ನು 25 ಡಿಗ್ರಿಯ ಅಂಕಿಯಿಂದಲ್ಲ, ಉಪಕರಣವು ದುಡಿಯಬೇಕಾದ ಅತಿ ಹೆಚ್ಚಿನ ಉಷ್ಣತೆಯ ಅಂಕಿಯಿಂದ ಲೆಕ್ಕ ಹಾಕಬೇಕು. 0.47 ಓಮಿನ ರೋಧಕವನ್ನು ಬಳಸಿದರೆ ಬೇಸಿಗೆಯಲ್ಲಿ 1.17 ಆಂಪಿಯರ್, ಚಳಿಗಾಲದಲ್ಲಿ 1.38 ಆಂಪಿಯರ್ ಮಿತಿ ದೊರೆಯುತ್ತದೆ. ಆಗ ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್ ಸಿಂಕ್ ಆ 1.38ನ್ನು ತಾಳಬಲ್ಲವೇ ಎಂಬುದನ್ನೂ ನೋಡಿಕೊಳ್ಳಬೇಕು. ಪೆಟ್ಟಿಗೆಗೆ ಗಾಳಿಕಿಂಡಿಗಳನ್ನು ಕೊರೆಯುವುದು, ಐಸಿಯನ್ನು ಹೀಟ್ ಸಿಂಕಿನಿಂದ ದೂರವಿರಿಸುವುದು, ಹೀಟ್ ಸಿಂಕನ್ನು ಪೆಟ್ಟಿಗೆಯ ಹೊರಮೈಗೆ ಜೋಡಿಸುವುದು ಇವೂ ಉಪಯುಕ್ತ. ಈ ಸೀಮೆಯ ಕೆಂಪು ಧೂಳು ಕಿಂಡಿಗಳನ್ನು ಮುಚ್ಚಿಬಿಡುವುದರಿಂದ ವರ್ಷಕ್ಕೊಮ್ಮೆ ಕುಂಚದಿಂದ ಶುಚಿಗೊಳಿಸುವುದು ಅವಶ್ಯ.

ಬೆಸುಗೆಯಲ್ಲಿ ಅಡಗಿದ ರೋಧ

ಎರಡನೆಯ ಕಾರಣ ಕಣ್ಣಿಗೆ ಕಾಣದಂಥದು. ಸಂವೇದನ ರೋಧಕವು ಅರ್ಧ ಓಮಿನಷ್ಟಿರುವಾಗ, ಸಡಿಲವಾದ ತಿರುಪೊಂದು ಅಥವಾ ಒಣಗಿದ ಬೆಸುಗೆಯೊಂದು 0.1 ಓಮ್ ಸೇರಿಸಿದರೂ ಅದು ಅಲ್ಪವಲ್ಲ. ಮೇಲಿನ ಬೇಸಿಗೆಯ ಲೆಕ್ಕವನ್ನೇ ಮುಂದುವರಿಸಿದರೆ, 0.55ನ್ನು 0.66ರಿಂದ ಭಾಗಿಸಬೇಕಾಗುತ್ತದೆ, ಮಿತಿ 0.83 ಆಂಪಿಯರಿಗೆ ಇಳಿಯುತ್ತದೆ. ಇದರ ಮೇಲೆ ರೋಧಕದ ತಯಾರಿಕೆಯಲ್ಲಿಯೇ ಶೇಕಡ 5 ಅಥವಾ 10ರ ವ್ಯತ್ಯಾಸಕ್ಕೆ ಅವಕಾಶವಿರುತ್ತದೆ. ಪ್ರತಿಯೊಂದು ಕಾರಣವೂ ಪ್ರತ್ಯೇಕವಾಗಿ ಚಿಕ್ಕದು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಾಗ ಪರಿಣಾಮ ದೊಡ್ಡದು.

ಇಂಥ ಚಿಕ್ಕ ರೋಧವನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಶ್ರೇಣಿಯಲ್ಲಿ ಅಳೆಯಲು ಹೊರಡುವುದು ಸರಿಯಲ್ಲ. ಮೀಟರಿನ ತಂತಿಗಳೂ ಮೊನೆಗಳೂ ತಾವೇ ಒಂದೆರಡು ದಶಾಂಶ ಓಮ್ ಕೂಡಿಸುತ್ತವೆ. ಪ್ರಯೋಗಾಲಯದಲ್ಲಿ ಕಲಿತ ಓಮನ ನಿಯಮವನ್ನೇ ಇಲ್ಲಿ ಬಳಸಬೇಕು. ಪೆಟ್ಟಿಗೆಯನ್ನು ಗೋಡೆಯ ಸಂಪರ್ಕದಿಂದ ಬಿಡಿಸಿ, ರೋಧಕದ ಒಂದು ಕಾಲನ್ನು ಮಂಡಲದಿಂದ ಬೇರ್ಪಡಿಸಿ, ಬ್ಯಾಟರಿ ಹಾಗೂ ಅಮ್ಮೀಟರ್ ಮೂಲಕ 0.5 ಆಂಪಿಯರ್ ಹರಿಸಿ, ವೋಲ್ಟ್‌ಮೀಟರಿನ ಮೊನೆಗಳನ್ನು ನೇರವಾಗಿ ರೋಧಕದ ಕಾಲುಗಳಿಗೇ ತಾಗಿಸಿ ವಿಭವಾಂತರವನ್ನು ಓದಬೇಕು. 0.28 ವೋಲ್ಟ್ ಬಂದರೆ ರೋಧಕ 0.56 ಓಮ್. ಪ್ರವಾಹ ಹರಿಯುವ ತಂತಿ ಬೇರೆ, ಅಳತೆಯ ತಂತಿ ಬೇರೆ ಆಗಿರುವುದರಿಂದ ತಂತಿಗಳ ರೋಧ ಅಳತೆಯಲ್ಲಿ ಸೇರುವುದಿಲ್ಲ. ನಾಲ್ಕು ತುದಿಗಳ ಅಳತೆ ಎಂದು ಪ್ರಸಿದ್ಧವಾದ ಕ್ರಮ ಇದೇ. ಪೆಟ್ಟಿಗೆಯ ಜೋಡಣೆಯಲ್ಲಿಯೂ ಇದೇ ತತ್ತ್ವ ಪಾಲಿಸಬೇಕು: ಐಸಿಗೆ ಹೋಗುವ ಎರಡು ಅಳತೆಯ ತಂತಿಗಳನ್ನು ಸಂವೇದನ ರೋಧಕದ ಬುಡದಿಂದಲೇ ತೆಗೆಯಬೇಕು.

ಮಿತಿಯಂತೆ ತೋರುವ ಅನ್ಯ ದೋಷ

ಹೊರೆ ಹೆಚ್ಚಿದಾಗ ವೋಲ್ಟೇಜು ಕುಸಿಯಿತೆಂದಮಾತ್ರಕ್ಕೆ ಅದು ಪ್ರವಾಹಮಿತಿಯ ಕೆಲಸವೆಂದು ನಿರ್ಧರಿಸಲಾಗದು. ನಿಯಂತ್ರಕಕ್ಕೆ ಬರುವ ವಿದ್ಯುತ್ತೇ ಸಾಲದಿದ್ದರೂ ಹಾಗೆಯೇ ಆಗುತ್ತದೆ. 12 ವೋಲ್ಟ್ ಕೊಡುವ 723ರ ಮಂಡಲಕ್ಕೆ ಸಂವೇದನ ರೋಧಕದ ಇಳಿಕೆ, ಮುಖ್ಯ ಟ್ರಾನ್ಸಿಸ್ಟರಿನ ಇಳಿಕೆ, ಐಸಿಗೆ ಬೇಕಾದ 3 ವೋಲ್ಟ್ ಎಲ್ಲವನ್ನೂ ಕೂಡಿಸಿದರೆ ಒಳಬರುವ ವೋಲ್ಟೇಜು ಯಾವ ಕ್ಷಣದಲ್ಲಿಯೂ 16 ವೋಲ್ಟಿಗಿಂತ ಕೆಳಗಿಳಿಯಬಾರದು.

ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿ 15 ವೋಲ್ಟಿನದೆಂದು ಭಾವಿಸೋಣ. ಗೋಡೆಯಲ್ಲಿ 230 ವೋಲ್ಟ್ ಇದ್ದಾಗ ಅದರ ಶಿಖರ ಸುಮಾರು 21 ವೋಲ್ಟ್. ಡಯೋಡುಗಳಲ್ಲಿ 2 ವೋಲ್ಟ್ ಕಳೆದರೆ 19. ಹೊರೆ 1 ಆಂಪಿಯರ್, ಕಂಡೆನ್ಸರ್ 4700 ಮೈಕ್ರೊಫ್ಯಾರಡ್ ಆಗಿದ್ದರೆ ಸೆಕೆಂಡಿಗೆ ನೂರು ಬಾರಿ ಸುಮಾರು 2 ವೋಲ್ಟಿನ ತಗ್ಗು ಉಂಟಾಗುತ್ತದೆ. ತಗ್ಗಿನ ತಳ 17 ವೋಲ್ಟ್. ಆದುದರಿಂದ ನಿಯಂತ್ರಕ ಸುರಕ್ಷಿತ. ಈಗ ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ನಡೆಯುವ ಹೊತ್ತಿನಲ್ಲಿ ಗೋಡೆಯ ವಿದ್ಯುತ್ತು 200 ವೋಲ್ಟಿಗೆ ಇಳಿಯಿತೆನ್ನೋಣ. ಶಿಖರ ಸುಮಾರು 18.4; ಡಯೋಡು ಕಳೆದು 16.4, ತಗ್ಗಿನ ತಳ 14.4 ವೋಲ್ಟ್. ನಿಯಂತ್ರಕ ಸೋಲುತ್ತದೆ. ಕಂಡೆನ್ಸರ್ ಹಳೆಯದಾಗಿ ಒಳಗೆ ಒಣಗಿ ಅದರ ಧಾರಣಶಕ್ತಿ ಅರ್ಧಕ್ಕಿಳಿದಿದ್ದರೆ, ತಗ್ಗು ಇಮ್ಮಡಿಯಾಗಿ, ಗೋಡೆಯಲ್ಲಿ 230 ವೋಲ್ಟ್ ಇರುವಾಗಲೂ ಇದೇ ಗತಿ. ಬಿಸಿಲ ನಾಡಿನಲ್ಲಿ ಇಂಥ ಕಂಡೆನ್ಸರುಗಳು ಬೇಗ ಒಣಗುತ್ತವೆ ಎಂಬುದೂ ನೆನಪಿನಲ್ಲಿರಬೇಕು.

ಈ ಎರಡು ದೋಷಗಳನ್ನು ಬೇರ್ಪಡಿಸುವ ಪರೀಕ್ಷೆ ಸರಳವಾದುದು. ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ವೋಲ್ಟೇಜು ಕುಸಿದಿರುವಾಗಲೇ ಹದಿನಾಲ್ಕು ಕಾಲಿನ 723ರ 2ನೆಯ ಮತ್ತು 3ನೆಯ ಕಾಲುಗಳ ನಡುವಣ ವಿಭವಾಂತರವನ್ನು ಅಳೆಯಿರಿ. ಅದು 0.55ರಿಂದ 0.65 ವೋಲ್ಟ್ ಇದ್ದರೆ ಕಾವಲು ಟ್ರಾನ್ಸಿಸ್ಟರ್ ನಿಜವಾಗಿಯೂ ಎಚ್ಚೆತ್ತಿದೆ, ಮಿತಿಯೇ ಕಾರಣ. ಅದು 0.3 ಅಥವಾ 0.4 ವೋಲ್ಟ್ ಮಾತ್ರ ಇದ್ದರೆ ಮಿತಿಯ ಮೇಲೆ ಮೊದಲಿಗೆ ಆರೋಪ ಹೊರಿಸುವಂತಿಲ್ಲ. ಒಳಬರುವ ವಿದ್ಯುತ್ತನ್ನೂ ಕಂಡೆನ್ಸರನ್ನೂ ಪರೀಕ್ಷಿಸಬೇಕು. ಇನ್ನು ಮಿತಿ ನೇರವಾದ ಬಗೆಯದಾಗಿದ್ದು, ಕಾಲುಗಳ ನಡುವೆ 0.6 ವೋಲ್ಟ್ ಇದ್ದು ರೋಧಕದ ಮೈಮೇಲೆ 0.5 ವೋಲ್ಟ್ ಮಾತ್ರ ಇದ್ದರೆ, ಉಳಿದ 0.1 ವೋಲ್ಟ್ ಬೆಸುಗೆಯಲ್ಲೋ ತಂತಿಯಲ್ಲೋ ಕಳೆದುಹೋಗುತ್ತಿದೆ. ಹೀಗೆ ಎರಡು ಅಳತೆಗಳು ಮೂರು ದೋಷಗಳನ್ನು ವಿಂಗಡಿಸಿಕೊಡುತ್ತವೆ.

ಹೊರೆಯ ಸ್ವಭಾವ

ಅಮ್ಮೀಟರು ತೋರಿಸುವುದು ಸರಾಸರಿ ಪ್ರವಾಹವನ್ನು. ಕಾವಲು ಟ್ರಾನ್ಸಿಸ್ಟರ್ ನೋಡುವುದು ಆಯಾ ಕ್ಷಣದ ಪ್ರವಾಹವನ್ನು. ಚಿಕ್ಕ ಮೋಟಾರೊಂದು ಸರಾಸರಿ 0.6 ಆಂಪಿಯರ್ ಬಳಸುತ್ತಿದ್ದರೂ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಸೆಳೆಯುತ್ತದೆ. 12 ವೋಲ್ಟ್, 10 ವಾಟಿನ ಬಲ್ಬು ಬೆಳಗುತ್ತಿರುವಾಗ 0.83 ಆಂಪಿಯರ್ ತೆಗೆದುಕೊಳ್ಳುತ್ತದೆ. ಆದರೆ ಟಂಗ್‌ಸ್ಟನ್ ತಂತು ತಣ್ಣಗಿರುವಾಗ ಅದರ ರೋಧ ಹತ್ತನೆಯ ಒಂದು ಪಾಲು ಅಥವಾ ಇನ್ನೂ ಕಡಿಮೆ ಇರುವುದರಿಂದ ಮೊದಲ ಕ್ಷಣದಲ್ಲಿ ಎಂಟು ಆಂಪಿಯರಿಗೂ ಹೆಚ್ಚು ಬೇಡುತ್ತದೆ. ನೇರವಾದ ಮಿತಿಯುಳ್ಳ ನಿಯಂತ್ರಕದಲ್ಲಿ ಇದರಿಂದ ತೊಂದರೆಯಿಲ್ಲ; ಮಿತಿಯ ಪ್ರವಾಹದಲ್ಲಿಯೇ ತಂತು ಮೆಲ್ಲಗೆ ಕಾದು ಬಲ್ಬು ಬೆಳಗುತ್ತದೆ.

ಆದರೆ ಕೆಲವು ಪೆಟ್ಟಿಗೆಗಳಲ್ಲಿ ಫೋಲ್ಡ್‌ಬ್ಯಾಕ್ ಎಂಬ ಹಿಂದೆ ಬಾಗುವ ಮಿತಿಯನ್ನು ಅಳವಡಿಸಿರುತ್ತಾರೆ. ಇದರ ಉದ್ದೇಶ ಯೋಗ್ಯವಾದದ್ದೇ. ಸಾಮಾನ್ಯ ದುಡಿಮೆಯಲ್ಲಿ ಮುಖ್ಯ ಟ್ರಾನ್ಸಿಸ್ಟರಿನ ಮೇಲೆ 18ರಲ್ಲಿ 12 ಕಳೆದು 6 ವೋಲ್ಟ್ ಇರುತ್ತದೆ. 1 ಆಂಪಿಯರಿಗೆ ವ್ಯಯ 6 ವಾಟ್. ಹೊರಗಿನ ತಂತಿಗಳು ತಗುಲಿ ಹ್ರಸ್ವಮಂಡಲವಾದರೆ 18 ವೋಲ್ಟೂ ಅದರ ಮೇಲೆಯೇ ಬೀಳುತ್ತದೆ, 1.16 ಆಂಪಿಯರಿಗೆ ವ್ಯಯ ಸುಮಾರು 20 ವಾಟ್. ಮೂರು ಪಟ್ಟಿಗೂ ಹೆಚ್ಚಾದ ಈ ಉಷ್ಣವನ್ನು ತಪ್ಪಿಸಲು, ವೋಲ್ಟೇಜು ಕುಸಿದಂತೆಲ್ಲ ಮಿತಿಯೂ ಕುಗ್ಗುತ್ತ, ಹ್ರಸ್ವಮಂಡಲದಲ್ಲಿ 0.15 ಆಂಪಿಯರಿಗೆ ಇಳಿಯುವಂತೆ ಏರ್ಪಡಿಸಿದರೆ ವ್ಯಯ ಸುಮಾರು 3 ವಾಟಿಗೆ ನಿಲ್ಲುತ್ತದೆ. ಆದರೆ ಅದೇ ಕಾರಣದಿಂದ ತಣ್ಣನೆಯ ಬಲ್ಬು ಅಥವಾ ನಿಂತ ಮೋಟಾರು ಇಂಥ ನಿಯಂತ್ರಕಕ್ಕೆ ಹ್ರಸ್ವಮಂಡಲದಂತೆಯೇ ಕಾಣುತ್ತದೆ. ಕೊಡುವ ಅಲ್ಪ ಪ್ರವಾಹದಿಂದ ತಂತು ಕಾಯದು. ತಂತು ಕಾಯದೆ ವೋಲ್ಟೇಜು ಏರದು. ವೋಲ್ಟೇಜು ಏರದೆ ಮಿತಿ ಸಡಿಲಗೊಳ್ಳದು. ಪೆಟ್ಟಿಗೆ ಒಂದೆರಡು ವೋಲ್ಟಿನಲ್ಲಿಯೇ ನಿಂತುಬಿಡಬಹುದು. ಹೊರೆಯನ್ನು ಬಿಡಿಸಿದೊಡನೆ 12 ವೋಲ್ಟ್ ಮರಳುತ್ತದೆ, ಜೋಡಿಸಿದೊಡನೆ ಮತ್ತೆ ಮಾಯವಾಗುತ್ತದೆ. ಪೆಟ್ಟಿಗೆಯನ್ನು ಬಲ್ಬಿನ ಬದಲು ಸಮಾನ ಬೆಲೆಯ ರೋಧಕದಿಂದ ಪರೀಕ್ಷಿಸಿದರೆ ಅದು ನಿರ್ದೋಷಿಯೆಂದು ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಕಾರಣ ಆಂದೋಲನ. 723ರ 13ನೆಯ ಕಾಲಿಗೆ ಜೋಡಿಸುವ 100 ಪಿಕೊಫ್ಯಾರಡಿನಷ್ಟು ಚಿಕ್ಕ ಕಂಡೆನ್ಸರ್ ಕಳಚಿದ್ದರೆ, ಇಡೀ ಮಂಡಲವು ಉಚ್ಚ ಆವರ್ತಾಂಕದಲ್ಲಿ ತೂಗಾಡತೊಡಗಬಹುದು. ಅದರ ಶಿಖರಗಳು ಕಾವಲು ಟ್ರಾನ್ಸಿಸ್ಟರನ್ನು ಅಕಾಲದಲ್ಲಿ ಎಚ್ಚರಿಸುತ್ತವೆ. ಮಲ್ಟಿಮೀಟರು ಇದನ್ನು ತೋರಿಸದು. ಆಸಿಲೋಸ್ಕೋಪ್ ಒಂದೇ ಸಾಕ್ಷಿ.

ಮೂರು ಕಾಲಿನ ನಿಯಂತ್ರಕಗಳು

ಈಗಿನ ಅನೇಕ ಮಂಡಲಗಳಲ್ಲಿ 7805, 7812, 317 ಮುಂತಾದ ಮೂರು ಕಾಲಿನ ನಿಯಂತ್ರಕಗಳೇ ಹೆಚ್ಚು. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯಲ್ಲಿದ್ದ ರಾಬರ್ಟ್ ವಿಡ್ಲರ್ (1937–1991) ರೂಪಿಸಿದ 309 ಎಂಬ 5 ವೋಲ್ಟಿನ ನಿಯಂತ್ರಕ 1970ರ ಸುಮಾರಿಗೆ ಈ ಸಂತತಿಗೆ ದಾರಿ ತೆರೆಯಿತು. ಪ್ರವಾಹಮಿತಿಯ ಜೊತೆಗೆ, ಅತಿಯಾಗಿ ಬಿಸಿಯಾದರೆ ತಾನಾಗಿ ಸ್ಥಗಿತಗೊಳ್ಳುವ ಏರ್ಪಾಡನ್ನೂ ಅದೇ ಸಿಲಿಕಾನ್ ತುಣುಕಿನಲ್ಲಿ ಅಡಕಗೊಳಿಸಿದ್ದು ಅದರ ವೈಶಿಷ್ಟ್ಯ. ಬೇಕಾದ ವೋಲ್ಟೇಜಿಗೆ ಹೊಂದಿಸಬಹುದಾದ 317ನ್ನು ಅದೇ ಸಂಸ್ಥೆಯ ರಾಬರ್ಟ್ ಡಾಬ್ಕಿನ್ 1976ರಲ್ಲಿ ಹೊರತಂದರು.

ಇವುಗಳಲ್ಲಿ ಸಂವೇದನ ರೋಧಕ ಒಳಗೇ ಇರುವುದರಿಂದ ಅದನ್ನು ಅಳೆಯುವಂತಿಲ್ಲ. ಆದರೆ ಮಿತಿಯು ಒಂದೇ ಅಂಕಿಯಲ್ಲ ಎಂಬ ತತ್ತ್ವ ಇಲ್ಲಿ ಇನ್ನೂ ಸ್ಪಷ್ಟ. ಒಳಬರುವ ಮತ್ತು ಹೊರಹೋಗುವ ವೋಲ್ಟೇಜುಗಳ ಅಂತರ 15 ವೋಲ್ಟಿನೊಳಗೆ ಇದ್ದಾಗ 317 ತನ್ನ 1.5 ಆಂಪಿಯರನ್ನು ಕೊಡುತ್ತದೆ. ಅಂತರ 40 ವೋಲ್ಟ್ ಆದಾಗ ಸಾಮಾನ್ಯವಾಗಿ 0.4 ಆಂಪಿಯರಿನಷ್ಟೇ ಕೊಡುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಸುರಕ್ಷಿತ ವಲಯವನ್ನು ದಾಟದಂತೆ ಮಾಡಿದ ಉದ್ದೇಶಪೂರ್ವಕ ಏರ್ಪಾಡಿದು. 35 ವೋಲ್ಟ್ ಒಳಗೆ ಕೊಟ್ಟು 3 ವೋಲ್ಟಿಗೆ ಹೊಂದಿಸಿ 1.5 ಆಂಪಿಯರ್ ನಿರೀಕ್ಷಿಸುವವರು ನಿರಾಶರಾಗುವುದು ಈ ಕಾರಣದಿಂದ.

ಉಷ್ಣದಿಂದಾದ ಸ್ಥಗಿತವನ್ನು ಗುರುತಿಸಲು ಗಡಿಯಾರ ಸಾಕು. ಪ್ರವಾಹಮಿತಿ ಹೊರೆ ಜೋಡಿಸಿದ ಕ್ಷಣವೇ ಎದುರಾಗುತ್ತದೆ. ಉಷ್ಣಸ್ಥಗಿತ ಸ್ವಲ್ಪ ಕಾಲ ಕಳೆದ ಮೇಲೆ ಬರುತ್ತದೆ, ಫ್ಯಾನಿನ ಗಾಳಿ ಬಿಟ್ಟರೆ ದೂರವಾಗುತ್ತದೆ. ಕೆಲವೊಮ್ಮೆ ಆರಿ ಹೊತ್ತಿ ಆರಿ ಹೊತ್ತಿ ಮಿನುಗುತ್ತದೆ. ಒಳಬರುವ ವಿದ್ಯುತ್ತಿನ ಕೊರತೆಯಾದರೋ ಗೋಡೆಯ ವೋಲ್ಟೇಜಿನೊಡನೆ ಏರಿಳಿಯುತ್ತದೆ.

ಶೋಧನೆಯ ಕ್ರಮ

ಮೇಲಿನ ವಿವರಣೆಯನ್ನು ಪ್ರಯೋಗಾಲಯದ ಗೋಡೆಗೆ ಹಚ್ಚಬಹುದಾದ ಕ್ರಮವಾಗಿ ಹೀಗೆ ಸಂಗ್ರಹಿಸಬಹುದು:

1. ದೂರನ್ನು ಅಂಕಿಗಳಲ್ಲಿ ಬರೆಯಿರಿ: ಎಷ್ಟು ಆಂಪಿಯರಿನಲ್ಲಿ, ಎಷ್ಟು ವೋಲ್ಟಿಗೆ ಕುಸಿಯಿತು, ಎಷ್ಟು ನಿಮಿಷದ ಮೇಲೆ, ಕೋಣೆಯ ಉಷ್ಣತೆ ಎಷ್ಟು, ಗೋಡೆಯ ವೋಲ್ಟೇಜು ಎಷ್ಟು.

2. ಮೂಲ ಹೊರೆಯನ್ನು ಬಿಡಿಸಿ, ತಕ್ಕ ವಾಟಿನ ತಂತಿಸುತ್ತಿನ ರೋಧಕವನ್ನು ಹೊರೆಯಾಗಿ ಇಡಿ. 12 ಓಮ್, 25 ವಾಟಿನ ರೋಧಕ 12 ವೋಲ್ಟಿನಲ್ಲಿ 1 ಆಂಪಿಯರ್ ತೆಗೆದುಕೊಳ್ಳುತ್ತದೆ. ಇದರೊಡನೆ ಪೆಟ್ಟಿಗೆ ಸರಿಯಾಗಿ ನಡೆದರೆ ಹೊರೆಯ ಸ್ವಭಾವವೇ ಕಾರಣ.

3. ಕುಸಿತದ ಸ್ಥಿತಿಯಲ್ಲಿಯೇ ಐಸಿಯ ಮಿತಿ ಕಾಲುಗಳ ನಡುವೆ ಅಳೆಯಿರಿ. ಮಿತಿಯೋ ಒಳವಿದ್ಯುತ್ತಿನ ಕೊರತೆಯೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ.

4. ಮಿತಿಯಾದರೆ ಸಂವೇದನ ರೋಧಕದ ಮೈಮೇಲೆ ಅಳೆದು ಹೋಲಿಸಿ, ಬೆಸುಗೆಗಳನ್ನು ನವೀಕರಿಸಿ, ರೋಧಕದ ನಿಜವಾದ ಬೆಲೆಯನ್ನು ಕಂಡುಕೊಳ್ಳಿ.

5. ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ದುಡಿದ ಮೇಲೆ ಒಮ್ಮೆ ಮಿತಿ ಪ್ರವಾಹವನ್ನು ಅಳೆಯಿರಿ. ಇಳಿಕೆ ಶೇಕಡ 15ರ ಆಸುಪಾಸಿನಲ್ಲಿದ್ದರೆ ಅದು ಸಿಲಿಕಾನಿನ ಸಹಜ ಗುಣ, ದೋಷವಲ್ಲ.

6. ಇವೆಲ್ಲವೂ ಸರಿಯಿದ್ದಾಗ ಮಾತ್ರ ಐಸಿಯನ್ನು ಸಂಶಯಿಸಿ.

ಪೆಟ್ಟಿಗೆಯ ಮುಚ್ಚಳ ತೆರೆದಿರುವಾಗ ಟ್ರಾನ್ಸ್‌ಫಾರ್ಮರಿನ ಮೊದಲ ಸುರುಳಿಯ ತುದಿಗಳಲ್ಲಿ 230 ವೋಲ್ಟ್ ಇರುತ್ತದೆ. ಈ ಅಳತೆಗಳು ಅಧ್ಯಾಪಕರ ಸಮಕ್ಷಮದಲ್ಲಿಯೇ ನಡೆಯತಕ್ಕದ್ದು.

ಕಾವಲನ್ನು ಕಿತ್ತುಹಾಕುವುದರ ಅಪಾಯ

ಸಂವೇದನ ರೋಧಕದ ಮೇಲೆ ತಂತಿ ಬೆಸೆದರೆ ಪೆಟ್ಟಿಗೆ ಆ ಕೂಡಲೇ ಸರಿಹೋದಂತೆ ಕಾಣುತ್ತದೆ; ಅದೇ ಅದರ ಅಪಾಯ. ಮುಂದಿನ ಹ್ರಸ್ವಮಂಡಲದಲ್ಲಿ ಮುಖ್ಯ ಟ್ರಾನ್ಸಿಸ್ಟರ್ ಸುಡುತ್ತದೆ. ಇಂಥ ಟ್ರಾನ್ಸಿಸ್ಟರುಗಳು ಕೆಟ್ಟಾಗ ಬಹುವೇಳೆ ಕಲೆಕ್ಟರ್ ಎಮಿಟರುಗಳು ಒಂದಾಗಿಬಿಡುತ್ತವೆ. ಆಗ ಒಳಗಿನ 18 ವೋಲ್ಟೂ ನೇರವಾಗಿ ಹೊರಬಂದು, ಮೇಜಿನ ಮೇಲಿನ ಸೂಕ್ಷ್ಮ ಉಪಕರಣಗಳನ್ನು ಒಂದೇ ಕ್ಷಣದಲ್ಲಿ ನಾಶಗೊಳಿಸುತ್ತದೆ. ತಂತಿಯ ಹೊದಿಕೆ ಕರಗಿ ವಿದ್ಯಾರ್ಥಿಯ ಕೈ ಸುಡುವ ಸಂಭವವೂ ಇಲ್ಲದಿಲ್ಲ. ಮಿತಿ ಕಡಿಮೆಯಾದರೆ ಎಲ್ಲರೂ ದೂರುತ್ತಾರೆ. ಮಿತಿ ಇಲ್ಲವಾದರೆ ಅನಾಹುತವಾಗುವವರೆಗೆ ಯಾರಿಗೂ ತಿಳಿಯದು. ಆದಕಾರಣ ಪ್ರತಿ ಪೆಟ್ಟಿಗೆಯ ಹ್ರಸ್ವಮಂಡಲ ಪ್ರವಾಹವನ್ನು ವರ್ಷಕ್ಕೊಮ್ಮೆ, ಕೆಲವೇ ಸೆಕೆಂಡುಗಳ ಕಾಲ, 10 ಆಂಪಿಯರ್ ಶ್ರೇಣಿಯ ಮೀಟರಿನಿಂದ ಅಳೆದು ದಾಖಲಿಸುವುದು ಯುಕ್ತ.

ವಿದ್ಯುತ್ ಸರಬರಾಜು ಎಷ್ಟು ನಿರ್ಣಾಯಕ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಬೆಂಗಳೂರಿನ ಪೀಣ್ಯದಲ್ಲಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ, ಭಾರತದ ಮೊದಲ ಉಪಗ್ರಹ ಆರ್ಯಭಟ, 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. 360 ಕಿಲೊಗ್ರಾಂ ತೂಕದ ಅದರಲ್ಲಿ ಖಗೋಳ ವಿಜ್ಞಾನದ ಪ್ರಯೋಗಗಳನ್ನು ಅಳವಡಿಸಲಾಗಿತ್ತು. ಕೆಲವೇ ದಿನಗಳಲ್ಲಿ ಆ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆ ಕೈಕೊಟ್ಟು, ಪ್ರಯೋಗಗಳು ನಿಂತವು. ಉಪಗ್ರಹದ ಉಳಿದ ಭಾಗಗಳು ಮಾತ್ರ ಮುಂದೆಯೂ ದುಡಿದವು. ಅಲ್ಲಿಗೆ ಕೈಚಾಚಿ ಬೆಸುಗೆ ಹಾಕಲು ಯಾರಿಗೂ ಸಾಧ್ಯವಿರಲಿಲ್ಲ. ಆ ದೋಷವೂ ನಮ್ಮ ಮೇಜಿನ ಪೆಟ್ಟಿಗೆಯ ದೋಷವೂ ಒಂದೇ ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ ಎಂಥ ಘನವಾದ ಪ್ರಯೋಗವೂ ತನಗೆ ವಿದ್ಯುತ್ ಉಣಿಸುವ ಭಾಗದ ಮೇಲೆಯೇ ನಿಂತಿದೆ ಎಂಬ ಪಾಠ ಎರಡಕ್ಕೂ ಸಮಾನ.

ಉಪಸಂಹಾರ

ಪ್ರಯೋಗಾಲಯಕ್ಕೆ ನೆರವು ನೀಡಲು ಮುಂದೆ ಬರುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹೊಸ ಪೆಟ್ಟಿಗೆಗಳನ್ನು ಕೊಡಿಸುವುದು ಸಂತೋಷದ ಸಂಗತಿ. ಅದರೊಡನೆ ಒಂದು ನಂಬಿಕೆಗೆ ಅರ್ಹವಾದ ಮಲ್ಟಿಮೀಟರು, ಹೊರೆಯಾಗಿ ಬಳಸಲು ನಾಲ್ಕಾರು ದೊಡ್ಡ ರೋಧಕಗಳು, ಒಂದು ಉಷ್ಣತಾಮಾಪಕ, ಒಳ್ಳೆಯ ಬೆಸುಗೆ ಕಡ್ಡಿ, ಪ್ರತಿ ಪೆಟ್ಟಿಗೆಗೂ ಒಂದು ಚಿಕ್ಕ ದಾಖಲೆ ಪುಸ್ತಕ ಇಷ್ಟನ್ನು ಒದಗಿಸಿದರೆ, ಕಪಾಟು ಸೇರಿದ ಹಳೆಯ ಪೆಟ್ಟಿಗೆಗಳಲ್ಲಿ ಹಲವು ಮತ್ತೆ ಮೇಜಿಗೆ ಬರುತ್ತವೆ. ಅಧ್ಯಾಪಕರಿಗೆ ಇದರಿಂದ ಇನ್ನೊಂದು ಲಾಭವುಂಟು. ಸಂಧಿಯ ವೋಲ್ಟೇಜು ಉಷ್ಣತೆಯೊಡನೆ ಇಳಿಯುತ್ತದೆ ಎಂಬ ಪಠ್ಯಪುಸ್ತಕದ ವಾಕ್ಯವನ್ನು ವಿದ್ಯಾರ್ಥಿ ಕಂಠಪಾಠ ಮಾಡಿ ಮರೆಯಬಹುದು. ತನ್ನ ಶಾಲೆಯ ಪೆಟ್ಟಿಗೆ ಬೆಳಿಗ್ಗೆ 1.16 ಆಂಪಿಯರ್ ಕೊಟ್ಟು ಮಧ್ಯಾಹ್ನ 0.98ಕ್ಕೆ ನಿಂತುದನ್ನು ತಾನೇ ಅಳೆದು ಬರೆದವನು ಅದನ್ನು ಮರೆಯಲಾರ.

ನಿರೀಕ್ಷೆಗೆ ಹೊಂದದ ಉಪಕರಣವನ್ನು ಕೆಟ್ಟಿತೆಂದು ಕರೆಯುವ ಮೊದಲು, ನಮ್ಮ ನಿರೀಕ್ಷೆ ಯಾವ ಉಷ್ಣತೆಗೆ, ಯಾವ ಹೊರೆಗೆ, ಯಾವ ವೋಲ್ಟೇಜಿಗೆ ಸಂಬಂಧಿಸಿದ್ದೆಂದು ಕೇಳಿಕೊಳ್ಳುವುದು ವಿಜ್ಞಾನದ ಅಭ್ಯಾಸ. ಆ ಪ್ರಶ್ನೆಗೆ ಮೀಟರು ಕೊಡುವ ಉತ್ತರವನ್ನು ಕೇಳಿದ ಮೇಲೆಯೇ ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಳ್ಳುವುದು ಲೇಸು.